ಹೆರಿಗೆಗೆ ಮುಂಚೆ, ಹೆರಿಗೆಯ ಹೊತ್ತು, ಬಾಣಂತನ: ಕೋಲಾರ–ಚಿಕ್ಕಬಳ್ಳಾಪುರ ಕಡೆಯ ಮನೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆಯ ಹೆರಿಗೆ ಅಂದರೆ ನಾರ್ಮಲ್ ಹೆರಿಗೆ ತಾನೇ?

ಅಲ್ಲ. ನಾರ್ಮಲ್ ಆಗಿಯೂ ರಕ್ತ ಸುರಿದು ಹೆದರಿದ ಹೆರಿಗೆಗಳಿವೆ, ಸಿಸೇರಿಯನ್ ಆಗಿಯೂ ನೆಮ್ಮದಿಯಾಗಿ ಮುಗಿದವು ಇವೆ. ಏನು ನಡೆಯುತ್ತಿದೆ ಎಂದು ತಾಯಿಗೆ ಗೊತ್ತಿರಬೇಕು, ಪಕ್ಕದಲ್ಲಿ ನಂಬಿಕೆಯ ಒಬ್ಬರಿರಬೇಕು, ರಾತ್ರಿ ಎರಡು ಗಂಟೆಗೆ ನೋವು ಬಂದರೆ ಎಲ್ಲಿಗೆ ಹೋಗುವುದು, ಯಾವ ಗಾಡಿಯಲ್ಲಿ ಹೋಗುವುದು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹೆರಿಗೆ ಯಾವ ಥರ ಆಗುತ್ತದೆ ಎನ್ನುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಈ ಮೂರು ಬಹುಮಟ್ಟಿಗೆ ಇವೆ.

ಎಲ್ಲಿ ಹೆರಿಗೆ ಮಾಡಿಸುವುದು? ಯಾವಾಗ ತೀರ್ಮಾನಿಸಬೇಕು?

ಎಂಟನೇ ತಿಂಗಳು ತುಂಬುವುದರೊಳಗೆ. ಬಿ.ಪಿ., ಸಕ್ಕರೆ, ಅವಳಿ, ಹಿಂದಿನ ಸಿಸೇರಿಯನ್, ಮಗು ಅಡ್ಡ ಅಥವಾ ಉಲ್ಟಾ ಇರುವುದು, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇರುವುದು – ಇವುಗಳಲ್ಲಿ ಒಂದಿದ್ದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಲದು. ರಕ್ತ, ಆಪರೇಷನ್ ಕೋಣೆ, ನವಜಾತ ಶಿಶುಗಳ ಘಟಕ ಮೂರೂ ಇರುವ ಕಡೆಗೇ ನೇರ ಹೋಗಬೇಕು. ಕೋಲಾರದವರಿಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಚಿಕ್ಕಬಳ್ಳಾಪುರದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಅಲ್ಲಿಂದ ಮುಂದಕ್ಕೆ ಕಳಿಸಬೇಕಾದರೆ ಸಾಮಾನ್ಯವಾಗಿ ಬೆಂಗಳೂರು.

ಖಾಸಗಿ ಆಸ್ಪತ್ರೆ ಆರಿಸುವವರು ಕಟ್ಟಡ ನೋಡಿ ಮರುಳಾಗದೆ ನಾಲ್ಕು ಮಾತು ಕೇಳಿ: ರಾತ್ರಿ ಹೊತ್ತು ಅರಿವಳಿಕೆ ವೈದ್ಯರು ಎಷ್ಟು ನಿಮಿಷದಲ್ಲಿ ಬರುತ್ತಾರೆ? ರಕ್ತ ಎಲ್ಲಿಂದ ತರಿಸುತ್ತೀರಿ? ಮಗುವಿಗೆ ಉಸಿರಾಟದ ತೊಂದರೆಯಾದರೆ ಇಲ್ಲೇ ನೋಡುತ್ತೀರಾ, ಕಳಿಸುತ್ತೀರಾ? ಹೆರಿಗೆ ಕೋಣೆಗೆ ಜೊತೆಗೊಬ್ಬರನ್ನು ಬಿಡುತ್ತೀರಾ? ಉತ್ತರ ಹಾರಿಕೆಯದಾದರೆ ಬೇರೆ ಕಡೆ ನೋಡುವುದೇ ಸರಿ.

ಚೊಚ್ಚಲು, ತವರಿಗೆ ಹೋಗುತ್ತೇನೆ. ಏನು ಗಮನಿಸಬೇಕು?

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಏಳು ತಿಂಗಳು ಬೆಂಗಳೂರಿನಲ್ಲಿ ತೋರಿಸಿಕೊಂಡು, ಒಂಬತ್ತರಲ್ಲಿ ಶ್ರೀನಿವಾಸಪುರಕ್ಕೋ ಬಾಗೇಪಲ್ಲಿಗೋ ಬಂದು, ನೋವು ಬಂದ ದಿನ ಮೊದಲ ಸಲ ಅಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತುವುದು. ಅಲ್ಲಿನವರ ಕೈಯಲ್ಲಿ ಬ್ಲಡ್ ಗ್ರೂಪೂ ಇರುವುದಿಲ್ಲ, ಸ್ಕ್ಯಾನ್ ವರದಿಯೂ ಇರುವುದಿಲ್ಲ.

34ನೇ ವಾರದೊಳಗೆ ಬನ್ನಿ. ಬಂದ ವಾರವೇ ತವರಿನ ಆಶಾ ಕಾರ್ಯಕರ್ತೆಗೆ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ. ಹೆರಿಗೆ ಆಗುವ ಆಸ್ಪತ್ರೆಗೇ ಕನಿಷ್ಠ ಎರಡು ಸಲ ತಪಾಸಣೆಗೆ ಹೋಗಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಉಚಿತವಾಗಿ ನೋಡುತ್ತಾರೆ. 2016ರಿಂದ ನಡೆದುಬಂದಿರುವ ಈ ದಿನ ಜನ ಜಾಸ್ತಿ ಇರುತ್ತಾರೆ, ಬೇಗ ಹೋಗಿ.

ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಸಿ. ಮಗುವಿನ ಗುಂಪು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೀಳಬೇಕು. ಬಿಟ್ಟರೆ ಪೆಟ್ಟು ಬೀಳುವುದು ಮುಂದಿನ ಮಗುವಿಗೆ.

ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ಖರ್ಚು?

2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ಹೋಗುವಾಗ 108, ವಾಪಸು ಬರುವಾಗ ನಗು-ಮಗು ವಾಹನ ಕೇಳಿ. ಕೇಳದಿದ್ದರೆ ಆಟೋಗೆ ನೀವೇ ದುಡ್ಡು ಕೊಡುತ್ತೀರಿ, ಅಷ್ಟೆ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಖಾತೆಗೆ ಬರುತ್ತದೆ. ಆಧಾರ್ ಜೋಡಿಸಿದ ತಾಯಿಯ ಸ್ವಂತ ಖಾತೆ ಬೇಕು, ಗಂಡನದ್ದು ನಡೆಯುವುದಿಲ್ಲ.

ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ, ಮಲ ಕಪ್ಪು. ರಾಗಿ ತಿನ್ನುತ್ತೇನಲ್ಲ, ಸಾಲದೇ?

ರಾಗಿಯ ದೊಡ್ಡ ಗುಣ ಸುಣ್ಣದಂಶ: ನೂರು ಗ್ರಾಂನಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ. ಕಬ್ಬಿಣಕ್ಕೆ ಅದನ್ನೇ ನೆಚ್ಚಿಕೊಳ್ಳಲಾಗದು. ಮುದ್ದೆ ಬಿಡಬೇಡಿ, ಜೊತೆಗೆ ಬೆರಕೆಸೊಪ್ಪಿನ ಮಸ್ಸೊಪ್ಪು, ಹುರುಳಿಕಾಳಿನ ಬಸ್ಸಾರು, ಮೊಟ್ಟೆ ಇರಲಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಅಂಗನವಾಡಿಯ ಮಾತೃಪೂರ್ಣ ಊಟವನ್ನು ನಾಚಿಕೆಯಿಂದ ಬಿಡುವವರಿದ್ದಾರೆ; ಅದು 2017ರಿಂದ ಗರ್ಭಿಣಿ, ಬಾಣಂತಿ ಇಬ್ಬರಿಗೂ ಸಲ್ಲಬೇಕಾದ ಊಟ.

ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಒಟ್ಟು 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಒಂದು ಗಂಟೆಯ ನಂತರ ನುಂಗಿ ಮಲಗಿ. ಮಲ ಕಪ್ಪಾಗುವುದು ಸಹಜ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಕ್ಯಾಲ್ಸಿಯಂ ಬೆಳಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ, ಕಬ್ಬಿಣ ರಾತ್ರಿ – ಈ ಲೆಕ್ಕ ಇಟ್ಟುಕೊಂಡರೆ ಗೊಂದಲವಿಲ್ಲ. ಸರಿಯಾಗಿ ನುಂಗಿಯೂ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಏರದಿದ್ದರೆ ಡ್ರಿಪ್ ಮೂಲಕ ಕಬ್ಬಿಣ ಕೊಡುವುದುಂಟು, ವೈದ್ಯರನ್ನು ನೀವಾಗಿಯೇ ಕೇಳಿ. ಒಂಬತ್ತನೇ ತಿಂಗಳವರೆಗೆ ಕಾದರೆ ಅದಕ್ಕೂ ಸಮಯ ಉಳಿಯುವುದಿಲ್ಲ.

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿ ಕುಡಿದರೆ ಆಗುತ್ತದಲ್ಲವೇ?

ಆಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮಾಮೂಲಿ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅಷ್ಟೇ. ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ಆಳಕ್ಕೆ ಹೋದ ಹಲವು ಕಡೆ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಫ್ಲೋರೈಡ್ ಇದೆ. ಬಸುರಿ, ಬಾಣಂತಿ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ‘ಅಡುಗೆಗೆ ಯಾವುದಾದರೇನು’ ಎನ್ನುವುದು ತಪ್ಪು. ಅನ್ನ, ಸಾರು, ಮುದ್ದೆ ಎಲ್ಲವೂ ಆ ನೀರನ್ನು ಹೀರಿಕೊಳ್ಳುತ್ತವೆ.

ಇದರಲ್ಲೇ ಒಂದು ಸಮಾಧಾನವೂ ಇದೆ. ತಾಯಿ ಫ್ಲೋರೈಡ್ ನೀರು ಕುಡಿದರೂ ಎದೆಹಾಲಿಗೆ ಅದು ಇಳಿಯುವುದು ಅತ್ಯಲ್ಪ. ಅದೇ ಬೋರ್‌ವೆಲ್ ನೀರಿನಲ್ಲಿ ಹಾಲಿನ ಪುಡಿ ಕಲಸಿದರೆ ಅಷ್ಟೂ ಮಗುವಿನ ಹೊಟ್ಟೆಗೆ. ಈ ಸೀಮೆಯಲ್ಲಿ ಎದೆಹಾಲಿಗೆ ಅಂಟಿಕೊಳ್ಳಲು ಇದೊಂದು ಹೆಚ್ಚಿನ ಕಾರಣ.

ರೇಷ್ಮೆ ಮನೆ, ಟೊಮೆಟೊ ತೋಟದ ಕೆಲಸ ಮಾಡಬಹುದೇ?

ಸೊಪ್ಪು ಕೊಯ್ಯುವುದು, ಹುಳುವಿಗೆ ಹಾಕುವುದು ಮೈ ತಡೆದಷ್ಟು ಮಾಡಬಹುದು. ಹುಳು ಮನೆಗೆ ಫಾರ್ಮಲಿನ್ ಅಥವಾ ಬ್ಲೀಚಿಂಗ್ ಪುಡಿ ಹೊಡೆಯುವ ದಿನ ಮಾತ್ರ ಬಸುರಿ ಆ ಕಡೆ ಸುಳಿಯಬಾರದು. ಕಿಟಕಿ ತೆರೆದು ವಾಸನೆ ಪೂರ್ತಿ ಹೋದ ಮೇಲೇ ಒಳಗೆ. ಟೊಮೆಟೊಗೆ ಔಷಧಿ ಹೊಡೆದವರ ಬಟ್ಟೆ ಒಗೆಯುವುದೂ ಔಷಧಿ ಮುಟ್ಟಿದಂತೆಯೇ. ಅದನ್ನು ಅವರೇ ಬೇರೆ ಬಕೆಟ್ಟಿನಲ್ಲಿ ಒಗೆದುಕೊಳ್ಳಲಿ.

ಸುಲಭವಾಗಿ ಹೆರಿಗೆಯಾಗಲು ಏನು ಮಾಡಬೇಕು? ಕಷಾಯ, ಎಣ್ಣೆ ಕುಡಿಯಬೇಕೇ?

ಹರಳೆಣ್ಣೆ ಕುಡಿದರೆ ಭೇದಿಯಾಗಿ ನೀರಿನಂಶ ಹೋಗುತ್ತದೆ. ‘ನೋವು ಬರಿಸುವ ಇಂಜೆಕ್ಷನ್’ ಅನ್ನು ಮನೆಯಲ್ಲೋ ಊರಿನ ಡಾಕ್ಟರ ಬಳಿಯೋ ಹಾಕಿಸಿಕೊಳ್ಳುವುದು ಪ್ರಾಣಾಪಾಯ: ಗರ್ಭಕೋಶ ಬಿಡುವಿಲ್ಲದೆ ಬಿಗಿಯುತ್ತದೆ, ಮಗುವಿಗೆ ಆಮ್ಲಜನಕ ಸಿಗುವುದಿಲ್ಲ, ಗರ್ಭಕೋಶವೇ ಹರಿಯಬಹುದು. ಆ ಔಷಧಿಯನ್ನು ಆಸ್ಪತ್ರೆಯಲ್ಲಿ ಹನಿಹನಿಯಾಗಿ ಲೆಕ್ಕ ಹಾಕಿ, ಮಗುವಿನ ಎದೆಬಡಿತ ನೋಡುತ್ತಲೇ ಕೊಡುತ್ತಾರೆ.

ವೈದ್ಯರು ಬೇಡ ಎಂದಿಲ್ಲದಿದ್ದರೆ ದಿನಕ್ಕೆ ಅರ್ಧ ಗಂಟೆ ನಡಿಗೆ. ಮಂಚದ ಅಂಚು ಹಿಡಿದುಕೊಂಡು ಕುಕ್ಕುರುಗಾಲಿನಲ್ಲಿ ಕೂತು ಏಳುವುದು, ಎರಡು ಹೊತ್ತು, ಹತ್ತತ್ತು ಸಲ. ಏಳು ತಿಂಗಳ ನಂತರ ಅಂಗಾತ ಮಲಗದೆ ಮಗ್ಗುಲಾಗಿ ಮಲಗಿ, ಎಡವೋ ಬಲವೋ. 35ನೇ ವಾರದಿಂದ ಕೈ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯೊಳಗೆ ಎರಡು ಮೂರು ಸೆಂಟಿಮೀಟರ್ ಇಟ್ಟು, ಕೆಳಗೂ ಪಕ್ಕಕ್ಕೂ ಮೆತ್ತಗೆ ಒತ್ತಿ ಐದು ನಿಮಿಷ ಎಳೆಯುವ ಮಾಲೀಸು, ವಾರಕ್ಕೆ ಎರಡು ಸಲ. ಮೊದಲ ಹೆರಿಗೆಯಲ್ಲಿ ಹೊಲಿಗೆ ಬೀಳುವ ಸಂಭವ ಇದರಿಂದ ಕೊಂಚ ಕಡಿಮೆಯಾಗುತ್ತದೆ. ಉರಿ, ಬಿಳಿಸೆರಗು ಇದ್ದಾಗ ಬೇಡ.

ಉಸಿರಾಟವನ್ನು ಮೊದಲೇ ರೂಢಿ ಮಾಡಿಕೊಳ್ಳಿ. ಮೂಗಿನಲ್ಲಿ ನಾಲ್ಕು ಎಣಿಕೆ ಒಳಗೆ, ಬಾಯಲ್ಲಿ ಆರು ಎಣಿಕೆ ಹೊರಗೆ, ದವಡೆ ಸಡಿಲ. ಹಲ್ಲು ಕಚ್ಚಿ ಉಸಿರು ಬಿಗಿಹಿಡಿದರೆ ನೋವೂ ಜಾಸ್ತಿ, ಸುಸ್ತೂ ಬೇಗ.

ಯಾವಾಗ ಮನೆ ಬಿಡಬೇಕು?

ಚೊಚ್ಚಲಿಗೆ, ಐದು ನಿಮಿಷಕ್ಕೊಮ್ಮೆ, ಒಂದೊಂದು ಸಲ ಸುಮಾರು ಒಂದು ನಿಮಿಷ ನಿಲ್ಲುವ ನೋವು ಒಂದು ಗಂಟೆ ಹೀಗೇ ಬಂದರೆ. ನಡೆದರೆ, ಮಲಗಿದರೆ ನಿಂತುಹೋಗುವುದು ಸುಳ್ಳುನೋವು. ಎರಡನೇ ಹೆರಿಗೆಯಾದರೆ, ಅಥವಾ ಆಸ್ಪತ್ರೆ ಒಂದು ಗಂಟೆಗಿಂತ ದೂರವಿದ್ದರೆ, ಇಷ್ಟು ಕಾಯಬೇಡಿ.

ನೋವಿಲ್ಲದಿದ್ದರೂ ಆ ಕ್ಷಣವೇ ಹೊರಡಬೇಕಾದವು: ನೀರು ಒಡೆಯುವುದು (ಬಣ್ಣ ನೋಡಿ, ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ, ಫೋನಿನಲ್ಲೇ ಹೇಳಿ), ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್. ಮಗುವಿನ ಅಲುಗಾಟ ಕಡಿಮೆಯಾಯಿತು ಎನಿಸಿದರೆ ಏನಾದರೂ ತಿಂದು ಎಡ ಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗದಿದ್ದರೆ ಬೆಳಗಾಗಲಿ ಎನ್ನಬೇಡಿ. ಅಮಾವಾಸ್ಯೆ, ರಾಹುಕಾಲ ಕಳೆಯಲಿ ಎಂದು ಹೊಸಿಲಲ್ಲಿ ನಿಲ್ಲಿಸಿಕೊಳ್ಳುವ ಮನೆಗಳೂ ಇವೆ. ಅದರ ಬಗ್ಗೆ ಮನೆಯ ಹಿರಿಯರ ಬಳಿ ಎಂಟನೇ ತಿಂಗಳಲ್ಲೇ ಮಾತಾಡಿ ಮುಗಿಸಿ, ನೋವಿನ ಹೊತ್ತಿನಲ್ಲಿ ವಾದ ಆಗದು.

ಚೀಲದಲ್ಲಿ ಏನಿರಬೇಕು? ಹುಟ್ಟುವ ಮುಂಚೆ ಮಗುವಿನ ಬಟ್ಟೆ ತರಬಾರದು ಅನ್ನುತ್ತಾರೆ.

ತರಬೇಡಿ, ಅಜ್ಜಿಯ ಹಳೆಯ ಕಾಟನ್ ಸೀರೆ ಸಾಕು. ಒಗೆದು ಬಿಸಿಲಿಗೆ ಒಣಗಿಸಿ ಆರೇಳು ತುಂಡು ಮಾಡಿ. ಹೊಸ ಬಟ್ಟೆಗಿಂತ ಮೆತ್ತಗಿರುತ್ತದೆ. ಟೋಪಿ, ಕಾಲುಚೀಲ ಮಾತ್ರ ಬೇಕೇ ಬೇಕು. ತಾಯಿಗೆ ಮುಂದೆ ಗುಂಡಿ ಇರುವ ನೈಟಿ ಎರಡು, ದೊಡ್ಡ ಪ್ಯಾಡ್ ಎರಡು ಪ್ಯಾಕೆಟ್, ಹೊದಿಕೆ, ಫ್ಲಾಸ್ಕ್, ಲೋಟ. ಕಾಗದಪತ್ರ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ: ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳು, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್. ರಕ್ತ ಕೊಡಬಲ್ಲ ಇಬ್ಬರ ಫೋನ್ ನಂಬರನ್ನು ಕಾಗದದಲ್ಲಿ ಬರೆದಿಡಿ, ಮೊಬೈಲ್ ಚಾರ್ಜು ಹೋಗುತ್ತದೆ.

ಹೆರಿಗೆ ಕೋಣೆಯಲ್ಲಿ ನಾವು ಏನು ಕೇಳಬಹುದು?

ಜೊತೆಗೊಬ್ಬ ಹೆಂಗಸು ಇರಲು ಸರ್ಕಾರಿ ನಿಯಮದಲ್ಲೇ ಅವಕಾಶವಿದೆ. ಹೆತ್ತ ಅನುಭವವಿರುವ, ಕೂಗಾಡದ, ಅಳದ ಒಬ್ಬರನ್ನು ಆರಿಸಿ. ಅದು ಅಮ್ಮನೇ ಆಗಬೇಕೆಂದಿಲ್ಲ, ಎಷ್ಟೋ ಸಲ ಅತ್ತಿಗೆ ವಾಸಿ. ಬೆನ್ನು ಉಜ್ಜುವುದು, ನೀರು ಕುಡಿಸುವುದು, ಉಸಿರಾಟ ನೆನಪಿಸುವುದು ಅವರ ಕೆಲಸ.

ತೊಂದರೆ ಇಲ್ಲದ ಹೆರಿಗೆಯಲ್ಲಿ ಓಡಾಡಬಹುದು, ಕೂರಬಹುದು, ಎಳನೀರು, ಮಜ್ಜಿಗೆ, ಗಂಜಿ ಕುಡಿಯಬಹುದು. ಎನಿಮಾ, ಕೂದಲು ಬೋಳಿಸುವುದು, ಎಲ್ಲರಿಗೂ ಹೆರಿಗೆಯ ದಾರಿ ಅಗಲಿಸಲು ಕತ್ತರಿ ಹಾಕುವುದು ಈಗಿನ ಪದ್ಧತಿಯಲ್ಲಿ ಅಗತ್ಯವಲ್ಲ. ಮಗು ಬರಲೆಂದು ಹೊಟ್ಟೆಯ ಮೇಲೆ ಮೊಣಕೈಯಿಂದ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡವೆಂದಿದೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಚೊಚ್ಚಲಿನಲ್ಲಿ ಹನ್ನೆರಡು ಗಂಟೆಯವರೆಗೂ ಹಿಡಿಯಬಹುದು, ಆಮೇಲೆ ಮುಕ್ಕಿ ಮಗುವನ್ನು ಹೊರಗೆ ತಳ್ಳುವುದು ಮೂರು ಗಂಟೆಯವರೆಗೆ. ‘ಇನ್ನೂ ಆಗಲಿಲ್ಲ’ ಎಂದು ಹೊರಗೆ ನಿಂತವರು ಆಪರೇಷನ್‌ಗೆ ಅವಸರಿಸುವುದಕ್ಕೆ ಈ ಲೆಕ್ಕ ಗೊತ್ತಿಲ್ಲದಿರುವುದೂ ಒಂದು ಕಾರಣ.

ಎರಡು ಕೋರಿಕೆ ತಪ್ಪದೆ ಹೇಳಿ: ಮಗು ಅತ್ತು ಚೆನ್ನಾಗಿದ್ದರೆ ಒಂದರಿಂದ ಮೂರು ನಿಮಿಷ ಬಿಟ್ಟು ಹೊಕ್ಕುಳಬಳ್ಳಿ ಕತ್ತರಿಸಿ, ಇದರಿಂದ ಮಗುವಿಗೆ ರಕ್ತವೂ ಕಬ್ಬಿಣವೂ ಸಿಗುತ್ತದೆ, ಒರೆಸಿ ಅಮ್ಮನ ಬರಿ ಎದೆಯ ಮೇಲೆ ಒಂದು ಗಂಟೆ ಮಲಗಿಸಿ, ತೂಕ ಆಮೇಲೆ ನೋಡಬಹುದು. ಹೆತ್ತ ಕೂಡಲೇ ತಾಯಿಗೆ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಬೇಡ ಎನ್ನಬೇಡಿ, ಅದು ರಕ್ತಸ್ರಾವ ತಡೆಯುತ್ತದೆ.

ಸಿಸೇರಿಯನ್ ಆದರೆ ಹಾಲು ತಡವಾಗುತ್ತದೆಯೇ?

ತುಸು ತಡವಾಗಬಹುದು, ನಿಲ್ಲುವುದಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ತಾಯಿಗೆ ಎಚ್ಚರವಿರುತ್ತದೆ, ಮೊದಲ ಗಂಟೆಯಲ್ಲೇ ಹಾಲೂಡಬಹುದು. ಮಗುವನ್ನು ಕಂಕುಳ ಕೆಳಗಿಂದ ಪಕ್ಕಕ್ಕೆ ಹಿಡಿದರೆ ಹೊಲಿಗೆಗೆ ತಗಲುವುದಿಲ್ಲ. ಮರುದಿನದೊಳಗೆ ಎದ್ದು ನಡೆಯಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ.

ಮೊದಲ ಎರಡು ದಿನ ಹಾಲೇ ಬರುವುದಿಲ್ಲ. ಸಕ್ಕರೆ ನೀರು, ಜೇನು ನೆಕ್ಕಿಸಬಹುದೇ?

ಬೇಡ. ಬರುತ್ತಿರುವುದು ಕೆಲವೇ ಹನಿ, ಹಳದಿ, ಅಂಟಂಟು. ಮೊದಲ ದಿನ ಮಗುವಿನ ಹೊಟ್ಟೆ ಹಿಡಿಯುವುದೂ ಒಂದು ಟೀ ಚಮಚದಷ್ಟೇ, ಹಾಗಾಗಿ ಅಷ್ಟು ಸಾಕು. ಹಸು ಕರು ಹಾಕಿದರೆ ಗಿಣ್ಣು ಚೆಲ್ಲದ ಮನೆಯಲ್ಲಿ ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವುದು ವಿಚಿತ್ರ. ಜೇನಿನಲ್ಲಿರಬಹುದಾದ ಬಾಟುಲಿಸಂ ಬೀಜಾಣು ಒಂದು ವರ್ಷದೊಳಗಿನ ಕೂಸಿನ ನರವನ್ನೇ ಕೆಡಿಸಬಲ್ಲದು. ಬಜೆ ತೇದು ನೆಕ್ಕಿಸುವುದು, ಗ್ರೈಪ್ ವಾಟರ್, ಬಿಸಿಲುಗಾಲಕ್ಕೆ ನೀರು, ಇವೂ ಆರು ತಿಂಗಳವರೆಗೆ ಬೇಡ.

ದಿನಕ್ಕೆ 8ರಿಂದ 12 ಸಲ ಹಾಲೂಡಿಸಿ. ಬಾಯಿ ಅಗಲವಾಗಿ ತೆರೆದು, ಗಲ್ಲ ಎದೆಗೆ ತಗಲಿ, ಕೆಳದುಟಿ ಹೊರಗೆ ಮಡಚಿ, ತೊಟ್ಟಿನ ಸುತ್ತಲ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು. ತೊಟ್ಟು ಒಡೆಯುವುದು ಮಗು ಬರೀ ತೊಟ್ಟನ್ನು ಚೀಪುತ್ತಿರುವುದರ ಗುರುತು. ಬಾಯಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಿ. ಮೂರನೇ ದಿನ ಎದೆ ಕಲ್ಲಾದರೆ ಬಿಸಿನೀರಿನ ಬಟ್ಟೆ ಇಟ್ಟು ಸ್ವಲ್ಪ ಹಿಂಡಿ, ಆಮೇಲೆ ಊಡಿಸಿ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಉಚ್ಚೆಯಿಂದ ಅಳೆಯಿರಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರಿ ಆರನೇ ದಿನದಿಂದ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಕಪ್ಪು ಮಲ ಐದನೇ ದಿನದ ಹೊತ್ತಿಗೆ ಹಳದಿಯಾಗಬೇಕು. ತೂಕ ಮೊದಲು ನೂರಕ್ಕೆ ಏಳೆಂಟು ಭಾಗ ಇಳಿಯುವುದು ಸಹಜ, ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ಮರಳುತ್ತದೆ. ಚೀಪಲಾಗದ ಸಣ್ಣ ಕೂಸಿಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸಿ, ಬಾಟಲಿ ಬೇಡ. ಒಳಲೆಯನ್ನು ಪ್ರತಿ ಸಲ ಕುದಿಸಬೇಕು.

ಎಣ್ಣೆ ನೀರು, ಸಾಂಬ್ರಾಣಿ, ಕಾಡಿಗೆ?

ಹುಟ್ಟಿದ 24 ಗಂಟೆ ಸ್ನಾನ ಬೇಡ, ಮೈ ತಣ್ಣಗಾಗುತ್ತದೆ. ತೂಕ ಕಡಿಮೆ ಇದ್ದರೆ ಇನ್ನೂ ಮುಂದೂಡಿ. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ನೀವುವುದು ಒಳ್ಳೆಯದೇ, ಅಜ್ಜಿಯ ಕೈಗೆ ಬಿಡಿ. ಆದರೆ ಕಿವಿ ಮೂಗಿಗೆ ಎಣ್ಣೆ ಬಿಡುವುದು (ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ), ಮೂಗು ಎಳೆದು ನೆಟ್ಟಗೆ ಮಾಡುವುದು, ಕೂಸಿನ ಊದಿದ ಎದೆ ಹಿಂಡುವುದು (ಕೀವಾಗುತ್ತದೆ) ಆಗದು. ಎದೆ ಊದುವುದು, ಹೆಣ್ಣುಕೂಸಿಗೆ ಎರಡು ಹನಿ ರಕ್ತ ಕಾಣುವುದು ತಾಯಿಯ ಹಾರ್ಮೋನಿನಿಂದ; ತಾನೇ ಹೋಗುತ್ತದೆ.

ಹೊಕ್ಕುಳಿಗೆ ಅರಿಶಿನ, ಬೂದಿ, ಪೌಡರು, ಏನೂ ಬೇಡ. ಒಣಗಲು ಬಿಟ್ಟರೆ ಒಂದೆರಡು ವಾರದಲ್ಲಿ ಉದುರುತ್ತದೆ. ಅಂಗಡಿ ಕಾಡಿಗೆಯಲ್ಲಿ ಸೀಸ ಇರಬಹುದು. ದೃಷ್ಟಿ ಬೊಟ್ಟು ಬೇಕೇ ಬೇಕೆಂದರೆ ಅಂಗಾಲಿಗೆ ಇಡಿ, ಕಣ್ಣಿಗೆ ಬೇಡ.

ಸಾಂಬ್ರಾಣಿ ಹೊಗೆ, ಕೆಂಡದ ಅಗ್ಗಿಷ್ಟಿಕೆ ಎರಡೂ ಬಾಣಂತಿ ಕೋಣೆಯಿಂದ ಹೊರಗಿರಲಿ. ಡಿಸೆಂಬರ್ ಚಳಿಗೆಂದು ಕಿಟಕಿ ಮುಚ್ಚಿ ಇದ್ದಿಲು ಉರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಇಬ್ಬರೂ ನಿದ್ದೆಯಲ್ಲೇ ಹೋಗಬಹುದು. ಮಗುವನ್ನು ಬೆಚ್ಚಗಿಡಲು ತಾಯಿಯ ಎದೆ, ಮೇಲೊಂದು ಹೊದಿಕೆ, ತಲೆಗೆ ಟೋಪಿ ಸಾಕು.

ಬಾಣಂತಿ ನೀರು ಕುಡಿಯಬಾರದು, ತರಕಾರಿ ತಿನ್ನಬಾರದು ಅನ್ನುತ್ತಾರಲ್ಲ?

ಬಾಣಂತನದ ಸೊಗಸು ನಲವತ್ತು ದಿನದ ವಿಶ್ರಾಂತಿ, ಬಿಸಿ ಊಟ, ಮಗು ಎತ್ತಿಕೊಳ್ಳಲು ಇನ್ನೆರಡು ಕೈ. ಅದನ್ನು ಬಿಡಬೇಡಿ. ಕಳೆಯಬೇಕಾದದ್ದು ಈ ಪಥ್ಯವನ್ನು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಉರಿ, ಹೊಲಿಗೆಗೆ ಕಷ್ಟ. ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ ನೀರು ಪಕ್ಕದಲ್ಲಿರಲಿ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಇರಲಿ. ಅದರ ಮೇಲೆ ಬೇಳೆ, ಮೊಟ್ಟೆ, ತರಕಾರಿ, ಹಣ್ಣು. ಬ್ರೆಡ್ಡು ಅದ್ದಿ ತಿಂದು ತಿಂಗಳು ಕಳೆದವರಿಗೆ ರಕ್ತ ಎಲ್ಲಿಂದ ಬರಬೇಕು?

ಮಗು ಹಳದಿಯಾಗಿದೆ. ಬಿಸಿಲಿಗೆ ಹಿಡಿದರೆ ಹೋಗುತ್ತದೆಯೇ?

ಎರಡು ಮೂರನೇ ದಿನ ಮುಖ, ಎದೆ ಹಳದಿಯಾಗಿ ಒಂದೆರಡು ವಾರದಲ್ಲಿ ಇಳಿಯುವುದು ಬಹಳ ಮಕ್ಕಳಲ್ಲಿದೆ. ಮೊದಲ 24 ಗಂಟೆಯಲ್ಲೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ ಅದು ಆಸ್ಪತ್ರೆಯ ಕೇಸು. ಏರಿದ ಕಾಮಾಲೆ ಮೆದುಳಿಗೆ ಹೊಡೆಯುತ್ತದೆ. ಬಿಸಿಲು ಆಸ್ಪತ್ರೆಯ ಬೆಳಕಿನ ಚಿಕಿತ್ಸೆಯ (ಫೋಟೊಥೆರಪಿ) ಬದಲಿಯಲ್ಲ.

ಹಾಗೆಯೇ ಓಡಬೇಕಾದ ಇತರ ಲಕ್ಷಣ: 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಮೈ ತಣ್ಣಗಾಗುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಗೆ ಎಳೆಯುವುದು, ಹೊಕ್ಕುಳ ಸುತ್ತ ಕೆಂಪು, ಫಿಟ್ಸ್.

ಮಗುವನ್ನು ಹೇಗೆ ಮಲಗಿಸುವುದು?

ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ. ಸೀರೆ ಜೋಲಿಯಲ್ಲಿ ಗಲ್ಲ ಎದೆಗೆ ಮಡಚಿ ಉಸಿರು ಕಟ್ಟಬಹುದು. ಹಗಲು ಕಣ್ಣೆದುರು ಸ್ವಲ್ಪ ಹೊತ್ತು ಸರಿ, ರಾತ್ರಿಯಿಡೀ ಬೇಡ.

ತಾಯಿಗೆ ಯಾವುದು ಅಪಾಯ?

ಒಂದು ಗಂಟೆಯಲ್ಲಿ ಒಂದು ಪ್ಯಾಡ್ ತೊಯ್ಯುವುದು, ವಾಸನೆಯ ಸ್ರಾವ, ಚಳಿಜ್ವರ, ಒಂದೇ ಮೀನಖಂಡ ಊದಿ ನೋಯುವುದು, ತಲೆನೋವಿನ ಜೊತೆ ಕಣ್ಣು ಮಂಜು. ಹೆರಿಗೆಯಾದ ಮೇಲೂ ಬಿ.ಪಿ. ಏರಬಹುದು ಎಂಬುದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ಮೊದಲೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಅದು ಮುಂದುವರಿದು ನಿದ್ದೆ, ಊಟ ಬಿಟ್ಟರೆ, ಮಗು ಬೇಡವೆನಿಸಿದರೆ, ಸಾಯುವ ಮಾತು ಬಂದರೆ ಗಾಳಿ ಸೋಕಿದೆ ಎಂದು ತಾಯತ ಹುಡುಕಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಉಚಿತವಾಗಿ ಮಾತಾಡುತ್ತಾರೆ. ಅಂಥ ತಾಯಿಯನ್ನು ಒಬ್ಬಳನ್ನೇ ಬಿಡಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಲಸಿಕೆ, ಆಶಾ ಭೇಟಿ, ಜನನ ಪತ್ರ?

ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್-ಬಿ, ಜೊತೆಗೆ ವಿಟಮಿನ್ ಕೆ ಚುಚ್ಚುಮದ್ದು. ಮುಂದಿನವು 6, 10, 14ನೇ ವಾರ. ಆಸ್ಪತ್ರೆ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ ಮನೆಗೆ ಬಂದು ತೂಕ, ಜ್ವರ ನೋಡಬೇಕು. ಪುರುಡು ಎಂದು ಬಾಗಿಲಲ್ಲೇ ಕಳಿಸಬೇಡಿ. ಜನನ ನೋಂದಣಿ 21 ದಿನದೊಳಗೆ ಉಚಿತ. ಆಸ್ಪತ್ರೆಯವರೇ ಬರೆಯುತ್ತಾರೆ, ಅಪ್ಪ ಅಮ್ಮನ ಹೆಸರಿನ ಕಾಗುಣಿತ ಆಧಾರ್ ಜೊತೆ ಅಲ್ಲೇ ತಾಳೆ ನೋಡಿ.

ಹಾಲೂಡಿಸುವಾಗ ಮತ್ತೆ ಬಸಿರಾಗುವುದಿಲ್ಲವಂತೆ, ನಿಜವೇ?

ಮೂರು ಷರತ್ತೂ ಇದ್ದಾಗ ಬಹುಮಟ್ಟಿಗೆ ನಿಜ: ಮಗುವಿಗೆ ಆರು ತಿಂಗಳೊಳಗಿರಬೇಕು, ಹಗಲು ರಾತ್ರಿ ಬರೀ ಎದೆಹಾಲು ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ಭರವಸೆಯಿಲ್ಲ. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ವಂಕಿ (ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಿಕೊಳ್ಳಬಹುದು. ಆರು ವಾರದ ನಂತರ ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು ಇದೆ. ಎರಡೂ ಉಚಿತ, ಎರಡರಿಂದಲೂ ಹಾಲು ಕಡಿಮೆಯಾಗುವುದಿಲ್ಲ. ಯಾವುದು ಬೇಕೆಂದು ಒಂಬತ್ತನೇ ತಿಂಗಳಲ್ಲೇ ಗಂಡ ಹೆಂಡತಿ ಮಾತಾಡಿಕೊಂಡು ನರ್ಸಿಗೆ ಹೇಳಿಟ್ಟರೆ ತಾಯಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ.